ಎಣ್ಣೆ ನಿಲ್ಲುವ ಮೊದಲು

(ಯುವಜನರ ಆರಾಧನೆಯಲ್ಲಿ ಕೊಟ್ಟ ಸಂದೇಶದ ಬರಹರೂಪ. ವಾಕ್ಯಭಾಗ: 2 ಅರಸುಗಳು 4:1–7)

ಕೂತ್ಕೊಳ್ಳಿ. ಸತ್ಯವೇದ ತಂದವರು ಸತ್ಯವೇದದಲ್ಲಿ, ಫೋನ್ ತಂದವರು ಫೋನ್‌ನಲ್ಲಿ, ಎರಡನೇ ಅರಸುಗಳು ನಾಲ್ಕನೇ ಅಧ್ಯಾಯ ತೆಗೆಯಿರಿ. ಫೋನ್ ತೆಗೆದವರು ಅಲ್ಲೇ ಇರಿ, ವಾಟ್ಸಾಪ್ ಕಡೆ ಹೋಗ್ಬೇಡಿ.

ನಿಮಗೆಲ್ಲ ಗೊತ್ತಿರೋ ಕಥೆ. ಸಂಡೇ ಸ್ಕೂಲ್‌ನಲ್ಲಿ ಬಣ್ಣ ಹಚ್ಚಿದ್ದೀರಿ. ಒಬ್ಬ ವಿಧವೆ ಎಲೀಷನ ಹತ್ತಿರ ಬಂದು ಅಳ್ತಾಳೆ. ಗಂಡ ಸತ್ತಿದ್ದಾನೆ. ಸಾಲ ಕೊಟ್ಟವನು ಬಾಗಿಲಿಗೆ ಬಂದಿದ್ದಾನೆ. ಹಣ ಇಲ್ಲದಿದ್ರೆ ಎರಡು ಗಂಡುಮಕ್ಕಳನ್ನ ಗುಲಾಮರನ್ನಾಗಿ ಎಳ್ಕೊಂಡು ಹೋಗ್ತಾನೆ. ಮನೆಯಲ್ಲಿ ಇರೋದು ಒಂದು ಕುಡಿಕೆ ಎಣ್ಣೆ ಮಾತ್ರ.

ಈ ಕಥೆಯಲ್ಲಿ ನಾವು ಬೇಗ ಬೇಗ ಓದಿ ದಾಟಿಬಿಡೋ ಒಂದು ಮಾತಿದೆ. ಸತ್ತವನು ಯಾರು? ಕುಡುಕನಲ್ಲ, ಜೂಜುಕೋರನಲ್ಲ. ಪ್ರವಾದಿಗಳ ಗುಂಪಿನವನು, ದೇವರಿಗೆ ಭಯಪಟ್ಟವನು. ಆದ್ರೂ ಸಾಲ ಬಿಟ್ಟು ಸತ್ತ. ಅವನ ವಿಶ್ವಾಸದಲ್ಲಿ ಕೊರತೆ ಇತ್ತು ಅಂತ ವಾಕ್ಯ ಎಲ್ಲೂ ಹೇಳೋದಿಲ್ಲ. ಹಾಗಾಗಿ ಸಾಲದಲ್ಲಿರೋ ತಮ್ಮನಾಗಲಿ ತಂಗಿಯಾಗಲಿ ಇವತ್ತು ಇಲ್ಲಿ ಕೂತಿದ್ರೆ, ಮೊದಲು ಇದನ್ನ ಕೇಳಿಸಿಕೊಳ್ಳಿ: ನಿಮ್ಮ ಮೇಲೆ ಅಪವಾದ ಹೊರಿಸೋಕೆ ನಾನು ಇಲ್ಲಿ ನಿಂತಿಲ್ಲ. ಆಮೆನ್?

ಈ ತಿಂಗಳು ನಮ್ಮ ಸಭೆಯಿಂದ ಇಬ್ಬರು ನರ್ಸ್ ತಂಗಿಯರು ಕುವೈತ್‌ಗೆ, ಒಬ್ಬ ತಮ್ಮ ದುಬೈಗೆ ಹೊರಟಿದ್ದಾರೆ. ಕಳೆದ ವಾರ ಅವರ ಮೇಲೆ ಕೈಯಿಟ್ಟು ಪ್ರಾರ್ಥಿಸಿದ್ವಿ. ಪ್ರಾರ್ಥಿಸಿ ಕಳಿಸೋದು ಸರಿ. ಆದ್ರೆ ಬರೀ ಪ್ರಾರ್ಥಿಸಿ ಕಳಿಸಿದ್ರೆ ಸಾಲದು. ನಮಗಿಂತ ಮುಂಚೆ ಆ ದಾರಿಯಲ್ಲಿ ನಡೆದವರನ್ನ ನೋಡಿ ಕಲೀಬೇಕು. ಅದಕ್ಕೇ ಇವತ್ತು ಫಿಲಿಪೈನ್ಸ್ ದೇಶದ ನಮ್ಮ ಸಹೋದರ ಸಹೋದರಿಯರ ಬಗ್ಗೆ ಮಾತಾಡ್ತೀನಿ.

ಅದು ಕ್ರೈಸ್ತರೇ ಬಹುಸಂಖ್ಯಾತರಾಗಿರೋ ದೇಶ. 1974ರಲ್ಲಿ ಅಲ್ಲಿನ ಸರ್ಕಾರ ಹೊಸ ಕಾರ್ಮಿಕ ಕಾನೂನು ಮಾಡಿ, ಜನರನ್ನ ಹೊರದೇಶದ ಕೆಲಸಕ್ಕೆ ಕಳಿಸೋದನ್ನ ಸರ್ಕಾರಿ ಕಾರ್ಯಕ್ರಮವನ್ನಾಗಿ ಮಾಡಿತು. ಐವತ್ತು ವರ್ಷ ಆಯ್ತು. ಇವತ್ತು ಹಡಗಿನಲ್ಲಿ, ಆಸ್ಪತ್ರೆಯಲ್ಲಿ, ಹೋಟೆಲ್‌ನಲ್ಲಿ, ಇನ್ನೊಬ್ಬರ ಅಡುಗೆಮನೆಯಲ್ಲಿ ಫಿಲಿಪಿನೋಗಳು ಇಲ್ಲದ ಊರಿಲ್ಲ. 1988ರಲ್ಲಿ ಅಧ್ಯಕ್ಷೆ ಕೊರಾಜೋನ್ ಅಕಿನೋ ಹಾಂಗ್‌ಕಾಂಗ್‌ನಲ್ಲಿ ಮನೆಗೆಲಸದ ಹೆಣ್ಣುಮಕ್ಕಳ ಮುಂದೆ ನಿಂತು ಅವರನ್ನ ಹೊಸ ವೀರರು ಅಂತ ಕರೆದರು. ಅವರ ಭಾಷೆಯಲ್ಲಿ 'ಬಾಗೊಂಗ್ ಬಯಾನಿ'. 2023ರಲ್ಲಿ ಹೊರದೇಶದ ಫಿಲಿಪಿನೋಗಳು ಬ್ಯಾಂಕುಗಳ ಮೂಲಕ ಮನೆಗೆ ಕಳಿಸಿದ ಹಣ 3,300 ಕೋಟಿ ಡಾಲರ್‌ಗೂ ಹೆಚ್ಚು.

ಇಷ್ಟು ಹಣ ಹರಿದಿದೆ. ಎಷ್ಟೋ ಮಕ್ಕಳು ಓದಿದ್ದಾರೆ, ಎಷ್ಟೋ ಮನೆಗಳ ಮೇಲೆ ಸೂರು ಬಂದಿದೆ. ಆದ್ರೆ ಅದೇ ಹತ್ತು ಹದಿನೈದು ವರ್ಷ ದುಡಿದು ವಾಪಸ್ ಬಂದಾಗ ತನ್ನ ಹೆಸರಿನಲ್ಲಿ ಏನೂ ಇಲ್ಲದವರೂ ಇದ್ದಾರೆ. ಕಷ್ಟಪಡಲಿಲ್ಲ ಅಂತ ಅಲ್ಲ. ಪ್ರಾರ್ಥಿಸಲಿಲ್ಲ ಅಂತಾನೂ ಅಲ್ಲ. ಹಾಗಾದ್ರೆ ಏನಾಯ್ತು? ಈ ವಿಧವೆಯ ಮನೆಯೊಳಗೆ ಹೋಗಿ ನೋಡೋಣ.

ಒಂದು: ಮನೆಯಲ್ಲಿ ಏನಿದೆ?

ಆಕೆ ಅಳ್ತಾ ಬಂದಾಗ ಎಲೀಷ ಕೇಳಿದ ಪ್ರಶ್ನೆ ನೋಡಿ. ನಿನ್ನ ಮನೆಯಲ್ಲಿ ಏನಿದೆ ಅಂತ ಕೇಳ್ತಾನೆ. ಅದ್ಭುತಕ್ಕಿಂತ ಮುಂಚೆ ಲೆಕ್ಕ ಕೇಳ್ತಾನೆ! ಆಕೆ ಮೊದಲು ಏನೂ ಇಲ್ಲ ಅಂತಾಳೆ, ಆಮೇಲೆ ಒಂದು ಕುಡಿಕೆ ಎಣ್ಣೆ ಬಿಟ್ರೆ ಅಂತ ಸೇರಿಸ್ತಾಳೆ. ಆ 'ಬಿಟ್ರೆ' ಅನ್ನೋ ಮಾತಿನಿಂದಲೇ ಬಿಡುಗಡೆ ಶುರುವಾಯ್ತು.

ದುಬೈನಲ್ಲಿ ಕನ್ನಡ ಸಭೆಯವರು ಕರೆದಿದ್ರಿಂದ ನಾನು ಒಮ್ಮೆ ಅಲ್ಲಿಗೆ ಹೋಗಿದ್ದೆ. ಅಲ್ಲಿ ಒಂದೇ ಚರ್ಚ್ ಕಾಂಪೌಂಡ್ ಒಳಗೆ ಹತ್ತಾರು ಭಾಷೆಯ ಸಭೆಗಳು ಸರದಿ ಪ್ರಕಾರ ಕೂಡ್ತವೆ. ನಮ್ಮ ಪಕ್ಕದ ಹಾಲ್‌ನಲ್ಲಿ ಫಿಲಿಪಿನೋ ಸಭೆ. ಆರಾಧನೆ ಮುಗಿದ ಮೇಲೂ ನಲವತ್ತು ಜನ ಎದ್ದು ಹೋಗದೆ ನೋಟ್‌ಬುಕ್ ಹಿಡ್ಕೊಂಡು ಕೂತಿದ್ರು. ಬೈಬಲ್ ಕ್ಲಾಸ್ ಅಂದ್ಕೊಂಡೆ. ಅವರ ಪಾಸ್ಟರ್ ನಗ್ತಾ ಹೇಳಿದ್ರು, ಇದು ಹಣದ ಕ್ಲಾಸ್ ಅಂತ. ಅಲ್ಲಿ ಒಬ್ಬ ಅಕ್ಕ ನನ್ನ ಜೊತೆ ಮಾತಾಡಿದ್ರು. ಹನ್ನೊಂದು ವರ್ಷದಿಂದ ಮನೆಗೆಲಸ. ಅವರ ಮಾತು ನಾನು ಇವತ್ತಿಗೂ ಮರೆತಿಲ್ಲ. "ಊರಲ್ಲಿ ಯಾರಿಗೆ ಎಷ್ಟು ಬೇಕು ಅಂತ ನನಗೆ ಬಾಯಿಪಾಠ ಇತ್ತು ಪಾಸ್ಟರ್. ನನ್ನ ಹತ್ರ ಎಷ್ಟಿದೆ ಅಂತ ಮಾತ್ರ ಗೊತ್ತಿರಲಿಲ್ಲ."

ಅಮ್ಮನ ಔಷಧಿ, ತಮ್ಮನಿಗೆ ಬಾಡಿಗೆ ಓಡಿಸೋಕೆ ತ್ರಿಚಕ್ರ ಗಾಡಿ, ಅಕ್ಕನ ಮಗನ ಕಾಲೇಜು ಫೀಸು, ಊರ ಹಬ್ಬ. ಒಂದೂ ಸುಳ್ಳು ಬೇಡಿಕೆ ಅಲ್ಲ. ಎಲ್ಲಾ ನಿಜವಾದ ಕಷ್ಟವೇ. ಆದ್ರೆ ಹನ್ನೊಂದನೇ ವರ್ಷ ಅವರಿಗೇ ಕಾಯಿಲೆ ಬಿದ್ದು ಊರಿಗೆ ಹೋಗಬೇಕಾದಾಗ, ಟಿಕೆಟ್ ಹಣಕ್ಕೆ ಸಾಲ ಮಾಡಬೇಕಾಯ್ತು.

ಕೇಳಿ, ಹೊರದೇಶಕ್ಕೆ ಹೊರಡೋ ಫಿಲಿಪಿನೋ ಕೆಲಸಗಾರರಿಗೆ ಸರ್ಕಾರವೇ ಒಂದು ತರಬೇತಿ ಕಡ್ಡಾಯ ಮಾಡಿದೆ. ಅದರಲ್ಲಿ ಹಣದ ನಿರ್ವಹಣೆಯ ಪಾಠವೂ ಇದೆ. ಸಿಂಗಾಪುರದಲ್ಲಿ 2006ರಲ್ಲಿ ಶುರುವಾದ 'ಐಧಾ', ಹಾಂಗ್‌ಕಾಂಗ್‌ನಲ್ಲಿ 2007ರಲ್ಲಿ ಶುರುವಾದ 'ಎನ್‌ರಿಚ್' ಇಂಥ ಸಂಸ್ಥೆಗಳು ಮನೆಗೆಲಸದ ಹೆಣ್ಣುಮಕ್ಕಳಿಗೆ ಅವರ ರಜಾದಿನದಲ್ಲೇ ಇದನ್ನ ಕಲಿಸ್ತವೆ. ಆ ಕ್ಲಾಸುಗಳ ಮೊದಲ ಮೆಟ್ಟಿಲು ಏನು ಗೊತ್ತಾ? ಷೇರು ಮಾರುಕಟ್ಟೆ ಅಲ್ಲ. ಬಂದದ್ದೆಷ್ಟು, ಹೋದದ್ದೆಷ್ಟು, ಎಲ್ಲಿಗೆ ಹೋಯ್ತು, ಇಷ್ಟನ್ನ ಬರೆಯೋದು. ಎಲೀಷನ ಪ್ರಶ್ನೆಯೇ ಅದು.

ಲೂಕ 14ರಲ್ಲಿ ಕರ್ತನು ಗೋಪುರ ಕಟ್ಟೋಕೆ ಹೊರಟವನ ಬಗ್ಗೆ ಹೇಳ್ತಾನೆ. ಅವನು ಮೊದಲು ಕೂತು ಲೆಕ್ಕ ಹಾಕಬೇಕು. ಅಲ್ಲಿ ಕರ್ತನು ಶಿಷ್ಯತ್ವದ ಬೆಲೆ ಬಗ್ಗೆ ಮಾತಾಡ್ತಾ ಇದ್ದಾನೆ, ನಿಜ. ಆದ್ರೆ ಲೆಕ್ಕ ಹಾಕೋದು ಬುದ್ಧಿವಂತರ ಕೆಲಸ ಅಂತ ಎಲ್ಲರಿಗೂ ಗೊತ್ತಿದೆ ಅನ್ನೋ ಹಾಗೆ ಮಾತಾಡ್ತಾನೆ. ಪವಿತ್ರಾತ್ಮನಲ್ಲಿ ನಡೆಯೋನು ನೋಟ್‌ಬುಕ್ ಇಡಬಾರದು ಅಂತ ಯಾವ ವಾಕ್ಯದಲ್ಲೂ ಇಲ್ಲ!

ಎರಡು: ಬಾಗಿಲು ಮುಚ್ಚು

ಎಲೀಷ ಎರಡನೇದಾಗಿ ಹೇಳಿದ್ದು, ಪಾತ್ರೆ ತಂದ ಮೇಲೆ ಒಳಗೆ ಹೋಗಿ ಬಾಗಿಲು ಮುಚ್ಚಿಕೋ ಅಂತ. ಯಾಕೆ? ಬೀದಿಯವರೆಲ್ಲ ನೋಡಿದ್ರೆ ಸಾಕ್ಷಿ ಆಗ್ತಿತ್ತಲ್ಲಾ? ಆದ್ರೆ ದೇವರು ಕೊಡೋ ಪ್ರತಿಯೊಂದೂ ಬೀದಿಗೆ ತೋರಿಸೋಕಲ್ಲ.

ಫಿಲಿಪಿನೋ ಜನರಲ್ಲಿ 'ಉತಾಂಗ್ ನ ಲೋಒಬ್' ಅನ್ನೋ ಮಾತಿದೆ. ಒಬ್ಬರು ಉಪಕಾರ ಮಾಡಿದ್ರೆ ಅದು ಹೃದಯದೊಳಗಿನ ಸಾಲ, ಅದನ್ನ ಜೀವನಪೂರ್ತಿ ಮರೀಬಾರದು ಅಂತ ಅರ್ಥ. ಒಳ್ಳೆ ಗುಣ. ನಾವು ಋಣ ಅಂತೀವಲ್ಲ, ಹಾಗೆ. ಊರಿಗೆ ಹೋಗುವಾಗ ಅಥವಾ ಹಬ್ಬಕ್ಕೆ ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಸೋಪು, ಚಾಕೊಲೇಟು, ಡಬ್ಬಿ ಮಾಂಸ, ಬಟ್ಟೆ, ಶೂಗಳನ್ನ ತುಂಬಿ ಕಳಿಸ್ತಾರೆ. ಅದಕ್ಕೆ 'ಬಾಲಿಕ್‌ಬಯಾನ್ ಬಾಕ್ಸ್' ಅಂತ ಹೆಸರು. ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಕೊಂಡು ತುಂಬಿದ ಪ್ರೀತಿ ಅದು. ನಾನು ಅದನ್ನ ಹಗುರವಾಗಿ ಮಾತಾಡಲ್ಲ.

ಆದ್ರೆ ಪ್ರೀತಿಗೂ ಬಾಗಿಲು ಬೇಕು. ಗಲಾತ್ಯ ಆರನೇ ಅಧ್ಯಾಯದಲ್ಲಿ ಪೌಲನು ಎರಡನೇ ವಚನದಲ್ಲಿ ಒಬ್ಬರ ಭಾರವನ್ನ ಒಬ್ಬರು ಹೊರಬೇಕು ಅಂತಾನೆ. ಮೂರೇ ವಚನ ಆದ್ಮೇಲೆ ಪ್ರತಿಯೊಬ್ಬನು ತನ್ನ ಹೊರೆಯನ್ನ ತಾನೇ ಹೊರಬೇಕು ಅಂತಾನೆ. ಪೌಲನಿಗೆ ಮರೆವಾ? ಇಲ್ಲ. ಕೆಲವು ಭಾರ ಒಬ್ಬನೇ ಹೊತ್ತರೆ ಬೆನ್ನು ಮುರಿಯುತ್ತೆ, ಅದಕ್ಕೆ ಕೈ ಕೊಡಬೇಕು. ಅಮ್ಮನ ಔಷಧಿ ಅಂಥದ್ದು. ಕೆಲವು ಹೊರೆ ಅವರವರದ್ದು, ಇಪ್ಪತ್ತೆಂಟು ವರ್ಷದ ಗಟ್ಟಿಮುಟ್ಟಾದ ತಮ್ಮನ ಮೊಬೈಲ್ ಕಂತು ಹಾಗೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದ್ರೆ ಅದು ಪ್ರೀತಿ ಅಲ್ಲ, ಭಯ. ಕೊಡದಿದ್ರೆ ನನ್ನನ್ನ ಮರೆತುಬಿಡ್ತಾರೇನೋ ಅನ್ನೋ ಭಯ.

ಇಲ್ಲಿ ಒಂದು ಎಚ್ಚರ. ಈ ಸಂದೇಶ ಕೇಳಿ ಮನೆಗೆ ಹೋಗಿ ಅಪ್ಪ ಅಮ್ಮನಿಗೆ "ಪಾಸ್ಟರ್ ಹೇಳಿದ್ದಾರೆ, ಇನ್ನು ಹಣ ಕೊಡಲ್ಲ" ಅಂದ್ರೆ ನೀವು ಕೇಳಿಸಿಕೊಂಡಿಲ್ಲ ಅಂತ ಅರ್ಥ. ಸ್ವಂತ ಮನೆಯವರನ್ನ ನೋಡಿಕೊಳ್ಳದವನು ನಂಬದವನಿಗಿಂತ ಕಡೆ ಅಂತ 1 ತಿಮೊಥೆಯ 5:8 ಹೇಳುತ್ತೆ. ಬಾಗಿಲು ಮುಚ್ಚಿದಾಗ ಆ ವಿಧವೆಯ ಮಕ್ಕಳು ಹೊರಗಿರಲಿಲ್ಲ, ಒಳಗಿದ್ದರು!

ಮೂರು: ಮಕ್ಕಳು ಪಾತ್ರೆ ತಂದುಕೊಟ್ಟರು

ಐದನೇ ವಚನ. ಆಕೆ ಎಣ್ಣೆ ಹೊಯ್ಯುತ್ತಾಳೆ, ಮಕ್ಕಳು ಪಾತ್ರೆ ತಂದು ತಂದು ಕೊಡ್ತಾರೆ. ಮಕ್ಕಳಿಗೆ ಎಲ್ಲಾ ಗೊತ್ತಿತ್ತು. ಸಾಲ ಎಷ್ಟಿದೆ, ತಮಗೆ ಏನು ಕಾದಿದೆ, ಎಣ್ಣೆ ಎಷ್ಟಿದೆ, ಎಲ್ಲಾ. ಅಮ್ಮ ಒಬ್ಬಳೇ ಕಣ್ಣೀರು ನುಂಗಿಕೊಂಡು "ನಾನು ಚೆನ್ನಾಗಿದ್ದೀನಿ" ಅಂತ ಹೇಳಲಿಲ್ಲ.

ಹೊರದೇಶದ ದುಡಿಮೆಯಲ್ಲಿ ಇಲ್ಲೇ ಕೊಂಡಿ ಕಳಚೋದು. ಹಾಂಗ್‌ಕಾಂಗ್‌ನಲ್ಲಿ ಭಾನುವಾರ ಸೆಂಟ್ರಲ್ ಎಂಬ ಜಾಗದಲ್ಲಿ ದೊಡ್ಡ ದೊಡ್ಡ ಬ್ಯಾಂಕ್ ಕಟ್ಟಡಗಳ ಕೆಳಗೆ ಸಾವಿರಾರು ಫಿಲಿಪಿನೋ ಹೆಣ್ಣುಮಕ್ಕಳು ರಟ್ಟು ಹಾಸಿಕೊಂಡು ಕೂತಿರ್ತಾರೆ. ಮಾಲೀಕರ ಮನೆಯಲ್ಲೇ ವಾಸ, ಹಾಗಾಗಿ ರಜೆಯ ದಿನ ಕೂರೋಕೆ ಸ್ವಂತ ಜಾಗ ಅಂತ ಇಲ್ಲ. ಅಲ್ಲಿಂದಲೇ ಮನೆಗೆ ವಿಡಿಯೋ ಕಾಲ್. ಹಿಂದೆ ಹೊಳೆಯುವ ಕಟ್ಟಡ ಕಾಣುತ್ತೆ, ಕೆಳಗಿನ ರಟ್ಟು ಕಾಣಲ್ಲ. ಊರಲ್ಲಿರೋ ಮಗನಿಗೆ ಏನನ್ನಿಸುತ್ತೆ? ಅಮ್ಮ ದೊಡ್ಡ ಊರಲ್ಲಿದ್ದಾಳೆ, ಅಮ್ಮನ ಹತ್ರ ಎಣ್ಣೆ ಬತ್ತೋದೇ ಇಲ್ಲ.

ಫಿಲಿಪೈನ್ಸ್‌ನ ಲಗೂನಾ ಪ್ರಾಂತ್ಯದಲ್ಲಿ 'ಅತಿಖಾ' ಅನ್ನೋ ಸಂಸ್ಥೆ ಇದೆ. ಅವರು ಹೊರದೇಶದಲ್ಲಿ ದುಡಿಯೋರಿಗೆ ಮಾತ್ರ ಅಲ್ಲ, ಊರಲ್ಲಿ ಉಳಿದ ಗಂಡ, ಹೆಂಡತಿ, ಶಾಲೆಗೆ ಹೋಗೋ ಮಕ್ಕಳಿಗೂ ಹಣದ ಪಾಠ ಮಾಡ್ತಾರೆ. ಹೊಯ್ಯೋರಿಗೆ ಮಾತ್ರ ಕಲಿಸಿ, ಪಾತ್ರೆ ಹಿಡಿಯೋರಿಗೆ ಕಲಿಸದಿದ್ರೆ ಎಣ್ಣೆ ನೆಲಕ್ಕೆ ಹೋಗುತ್ತೆ.

ದುಬೈನ ಆ ಅಕ್ಕ ಏನು ಮಾಡಿದ್ರು ಗೊತ್ತಾ? ನೋಟ್‌ಬುಕ್ ಬರೆದು ಮೂರು ತಿಂಗಳಾದ ಮೇಲೆ ವಿಡಿಯೋ ಕಾಲ್‌ನಲ್ಲಿ ಮನೆಯವರೆಲ್ಲರನ್ನೂ ಕೂರಿಸಿ, ಕ್ಯಾಮೆರಾ ಮುಂದೆ ಪುಟ ಹಿಡಿದು ತೋರಿಸಿದ್ರು. ಇದು ನನ್ನ ಸಂಬಳ, ಇದು ನಾನು ಕಳಿಸಿದ್ದು, ಇದು ನನಗೆ ಉಳಿದಿದ್ದು. ಅಮ್ಮ ಅತ್ತರು. ತಮ್ಮ ಕಾಲ್ ಕಟ್ ಮಾಡಿದ. ಅಕ್ಕನ ಮಗ, ಆ ಕಾಲೇಜು ಹುಡುಗ, ಮಾರನೇ ವಾರ ಸಂಜೆ ಕೆಲಸಕ್ಕೆ ಸೇರಿಕೊಂಡ. ಈಗ ಊರಿನ ಖರ್ಚಿನ ಲೆಕ್ಕ ಅವನೇ ಬರೆದು ಕಳಿಸ್ತಾನಂತೆ. ಇವತ್ತು ಆ ಅಕ್ಕನ ಹೆಸರಿನಲ್ಲಿ ಆರು ತಿಂಗಳ ಖರ್ಚಿಗಾಗುವಷ್ಟು ಉಳಿತಾಯ ಇದೆ. ತಮ್ಮ ಇನ್ನೂ ಸರಿಯಾಗಿ ಮಾತಾಡಲ್ಲ. ಅದನ್ನೂ ಹೇಳ್ತೀನಿ, ಯಾಕಂದ್ರೆ ಸಾಕ್ಷಿಗಳಲ್ಲಿ ನಾವು ಆ ಭಾಗ ಬಿಟ್ಟುಬಿಡ್ತೀವಿ. ಸತ್ಯ ಹೇಳಿದ್ದಕ್ಕೆ ಬೆಲೆ ಇದೆ. ಆ ತಮ್ಮನಿಗಾಗಿ ಅವರು ಇನ್ನೂ ಪ್ರಾರ್ಥಿಸ್ತಾ ಇದ್ದಾರೆ.

ನಾಲ್ಕು: ಮಾರು, ತೀರಿಸು, ಬದುಕು

ಪಾತ್ರೆಗಳೆಲ್ಲ ತುಂಬಿದವು. ಈಗ ಹಬ್ಬ ಮಾಡು ಅಂತ ಎಲೀಷ ಹೇಳಿದ್ನಾ? ಇಲ್ಲ. ಏಳನೇ ವಚನದಲ್ಲಿ ಮೂರು ಕೆಲಸ ಹೇಳ್ತಾನೆ, ಅದೂ ಕ್ರಮವಾಗಿ. ಎಣ್ಣೆ ಮಾರು. ಸಾಲ ತೀರಿಸು. ಉಳಿದದ್ದರಲ್ಲಿ ನೀನೂ ಮಕ್ಕಳೂ ಜೀವನ ಮಾಡಿ. ಸಾಲ ಮೊದಲು!

ಸಾಲದ ಲೆಕ್ಕ ಸ್ವಲ್ಪ ನೋಡಿ. ಹಾಂಗ್‌ಕಾಂಗ್ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಹೊರದೇಶದ ಮನೆಗೆಲಸದವರ ಕನಿಷ್ಠ ಸಂಬಳವನ್ನ ತಿಂಗಳಿಗೆ 4,990 ಹಾಂಗ್‌ಕಾಂಗ್ ಡಾಲರ್ ಮಾಡಿತು. ಅಲ್ಲಿ ಸಾಲ ಕೊಡೋರು ಕಾನೂನುಬದ್ಧವಾಗಿಯೇ ವರ್ಷಕ್ಕೆ 48 ಪರ್ಸೆಂಟ್ ತನಕ ಬಡ್ಡಿ ಹಾಕಬಹುದು. 2022ರ ಕೊನೆವರೆಗೆ ಆ ಮಿತಿ 60 ಇತ್ತು. ಈಗ ಒಬ್ಬ ತಂಗಿ 10,000 ಡಾಲರ್ ಸಾಲ ತಗೊಂಡು ವರ್ಷಪೂರ್ತಿ ಅಸಲು ಮುಟ್ಟದೆ ಬರೀ ಬಡ್ಡಿ ಕಟ್ಟಿದ್ರೆ ಎಷ್ಟಾಗುತ್ತೆ? 4,800. ಹತ್ತಿರ ಹತ್ತಿರ ಒಂದು ತಿಂಗಳ ಸಂಬಳ. ಹನ್ನೆರಡು ತಿಂಗಳಲ್ಲಿ ಒಂದು ತಿಂಗಳು ಬೆಳಗ್ಗೆ ಬೇಗ ಎದ್ದು, ಬಾತ್‌ರೂಮ್ ಉಜ್ಜಿ, ಇನ್ನೊಬ್ಬರ ಮಗುವನ್ನ ಮಲಗಿಸಿ ದುಡಿದದ್ದು ಸಾಲ ಕೊಟ್ಟವನಿಗೆ. ಅಸಲು ಹಾಗೇ ನಿಂತಿದೆ.

ಕೆಲವರು ಸಾಲಕ್ಕೆ ಪಾಸ್‌ಪೋರ್ಟನ್ನೇ ಒತ್ತೆ ಇಡ್ತಾರೆ. ಅದು ಕಾನೂನಿಗೆ ವಿರುದ್ಧ, ಆದ್ರೂ ನಡೆಯುತ್ತೆ. ವಿಧವೆಯ ಕಾಲದಲ್ಲಿ ಸಾಲ ಕೊಟ್ಟವನು ಮಕ್ಕಳನ್ನ ಹಿಡಿದ. ಈ ಕಾಲದಲ್ಲಿ ಮಕ್ಕಳಿಗಾಗಿ ಹೊರಟ ತಾಯಿಯ ಪಾಸ್‌ಪೋರ್ಟ್ ಹಿಡೀತಾನೆ. ಗುಲಾಮಗಿರಿಯ ಹಗ್ಗ ಬದಲಾಗಿದೆ ಅಷ್ಟೆ.

ಬಹಳ ಜನರಿಗೆ ಈ ಸಾಲ ಶುರುವಾಗೋದು ವಿಮಾನ ಹತ್ತೋಕೆ ಮುಂಚೆ. ಫಿಲಿಪೈನ್ಸ್ ಸರ್ಕಾರ 2006ರಲ್ಲೇ ಮನೆಗೆಲಸಕ್ಕೆ ಹೋಗೋರಿಂದ ಕೆಲಸ ಕೊಡಿಸಿದ ಫೀಸು ತಗೊಳ್ಳಬಾರದು ಅಂತ ನಿಯಮ ಮಾಡಿತು. ಹಾಂಗ್‌ಕಾಂಗ್‌ನಲ್ಲೂ ಏಜೆನ್ಸಿಯವರು ಮೊದಲ ತಿಂಗಳ ಸಂಬಳದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ತಗೊಳ್ಳುವಂತಿಲ್ಲ. ಆದ್ರೂ ತರಬೇತಿ ಖರ್ಚು ಅಂತ ಹೆಸರು ಬದಲಾಯಿಸಿ ವಸೂಲಿ ಮಾಡೋರಿದ್ದಾರೆ. ಕುವೈತ್‌ಗೆ ಹೊರಟಿರೋ ತಂಗಿಯರೇ, ಕಾಗದಕ್ಕೆ ಸಹಿ ಹಾಕೋ ಮುಂಚೆ ಪ್ರತಿ ಸಾಲು ಓದಿ. ಅರ್ಥ ಆಗದಿದ್ರೆ ನಮ್ಮ ಸಭೆಯ ಹಿರಿಯರ ಹತ್ರ ತನ್ನಿ. ನಾವು ಕೂತು ಓದ್ತೀವಿ.

ಇನ್ನು ಊರಲ್ಲಿ 'ಫೈವ್-ಸಿಕ್ಸ್' ಅನ್ನೋ ಸಾಲ ಇದೆ. ಐದು ತಗೊಂಡ್ರೆ ಆರು ಕೊಡಬೇಕು. ಹೆಚ್ಚಾಗಿ ಒಂದೆರಡು ತಿಂಗಳಲ್ಲೇ ತೀರಿಸಬೇಕಾದ ಸಾಲ. ಇದನ್ನ ಕೊಡೋರಿಗೆ ಅಲ್ಲಿನ ಜನ ಏನಂತಾರೆ ಗೊತ್ತಾ? 'ಬುಂಬಾಯ್'. ನಮ್ಮ ಬಾಂಬೆ ಹೆಸರಿನಿಂದ ಬಂದ ಮಾತು. ಮೋಟಾರ್ ಸೈಕಲ್‌ನಲ್ಲಿ ಬೀದಿ ಬೀದಿ ತಿರುಗಿ ಸಾಲ ಕೊಡೋರಲ್ಲಿ ಪಂಜಾಬ್ ಮೂಲದ ಭಾರತೀಯರು ಬಹಳ ಜನ ಇದ್ರು, ಈಗಲೂ ಇದ್ದಾರೆ. ಬ್ಯಾಂಕು ಬಾಗಿಲು ತೆರೆಯದ ಬಡವರಿಗೆ ಅವರು ಬಾಗಿಲಿಗೇ ಹೋಗಿ ಕೊಟ್ಟರು, ಅದೂ ನಿಜ. ಆದ್ರೆ ದೂರದ ಒಂದು ಕ್ರೈಸ್ತ ದೇಶದ ಬಡ ಬೀದಿಯಲ್ಲಿ ಭಾರತೀಯ ಅಂದ್ರೆ ಸಾಲ ವಸೂಲಿ ನೆನಪಾಗೋ ಹಾಗಾಯ್ತಲ್ಲ, ನನಗೆ ಅದು ಮನಸ್ಸಿಗೆ ಚುಚ್ಚುತ್ತೆ. ನೀವು ಹೋಗೋ ದೇಶದಲ್ಲಿ ನಿಮ್ಮಿಂದ ನಮ್ಮ ಹೆಸರಿಗೆ ಯಾವ ಅರ್ಥ ಬರುತ್ತೆ ಅಂತ ಯೋಚಿಸಿ.

ಆರನೇ ವಚನದ ಕೊನೆ ಭಾಗಕ್ಕೆ ಬನ್ನಿ. ಪಾತ್ರೆ ಮುಗಿದಾಗ ಎಣ್ಣೆ ನಿಂತಿತು. ಸಹೋದರರೇ, ಎಣ್ಣೆ ನಿಲ್ಲುತ್ತೆ! ದೇವರು ಮಾಡಿದ ಅದ್ಭುತದ ಎಣ್ಣೆಯೇ ನಿಂತಿತು ಅಂದ್ಮೇಲೆ ಎರಡು ವರ್ಷದ ಕಾಂಟ್ರಾಕ್ಟ್ ನಿಲ್ಲೋದಿಲ್ವಾ? ಹಾಂಗ್‌ಕಾಂಗ್‌ನ ಮನೆಗೆಲಸದ ಕಾಂಟ್ರಾಕ್ಟ್ ಎರಡೇ ವರ್ಷದ್ದು. ಮುಂದುವರಿಸೋದು ಬಿಡೋದು ಮಾಲೀಕರ ಮನಸ್ಸು. 2020ರಲ್ಲಿ ಕೋವಿಡ್ ಬಂದಾಗ ಲಕ್ಷಾಂತರ ಫಿಲಿಪಿನೋ ಕೆಲಸಗಾರರು ಕೆಲಸ ಕಳ್ಕೊಂಡು ಊರಿಗೆ ಮರಳಿದ್ರು. ಅವರ ಎಣ್ಣೆ ಒಂದೇ ವಾರದಲ್ಲಿ ನಿಂತಿತು. ಕೂತು ತಿಂದರೆ ಕುಡಿಕೆ ಹೊನ್ನೂ ಸಾಲದು ಅಂತ ನಮ್ಮ ಅಜ್ಜಿಯರು ಹೇಳ್ತಿದ್ರಲ್ಲ.

ಎಣ್ಣೆ ಹರೀತಿರುವಾಗಲೇ ಪಾತ್ರೆ ಸಿದ್ಧ ಮಾಡಬೇಕು. ಬಲ್ಲವರು ಅಲ್ಲಿ ಏನು ಮಾಡ್ತಾರೆ? ಸಂಬಳ ಬಂದ ದಿನವೇ ಉಳಿತಾಯವನ್ನ ಬೇರೆ ತೆಗೆದಿಡ್ತಾರೆ, ಉಳಿದದ್ದನ್ನ ಕಳಿಸ್ತಾರೆ. ಕಳಿಸಿ ಉಳಿದರೆ ಉಳಿಸೋಣ ಅಂದ್ರೆ ಉಳಿಯೋದಿಲ್ಲ. ಫಿಲಿಪೈನ್ಸ್‌ನಲ್ಲಿ 'ಪಗ್-ಇಬಿಗ್' ಎಂಬ ಸರ್ಕಾರಿ ಉಳಿತಾಯ ನಿಧಿ ಇದೆ. ಅದರಲ್ಲಿ 'ಎಂಪಿ2' ಅಂತ ಐದು ವರ್ಷದ ಯೋಜನೆ, 500 ಪೆಸೋಯಿಂದಲೇ ಹಾಕಬಹುದು. ಲಾಭ ಎಷ್ಟು ಅಂತ ವರ್ಷ ವರ್ಷ ಘೋಷಿಸ್ತಾರೆ, ಅಸಲಿಗೆ ಸರ್ಕಾರದ ಖಾತರಿ ಇದೆ. ನಿವೃತ್ತಿಗೆ ಸಾಮಾಜಿಕ ಭದ್ರತೆಯ ವಂತಿಗೆ ಇದೆ. 2018ರ ಕಾನೂನು ಅದನ್ನ ಹೊರದೇಶದ ಕೆಲಸಗಾರರಿಗೂ ಕಡ್ಡಾಯ ಮಾಡಿತು. ನಮ್ಮ ಚೀಟಿ ಹಾಗೆಯೇ ಅವರಲ್ಲೂ 'ಪಲುವಾಗನ್' ಅಂತ ಇದೆ. ಹತ್ತು ಜನ ತಲಾ ಸಾವಿರ ಹಾಕಿದ್ರೆ ಸರದಿ ಬಂದವರಿಗೆ ಹತ್ತು ಸಾವಿರ. ಬಡ್ಡಿ ಇಲ್ಲ, ನಂಬಿಕೆಯೇ ಬಂಡವಾಳ. ಆದ್ರೆ ಮೊದಲ ಸರದಿ ಎತ್ತಿಕೊಂಡವರು ನಾಪತ್ತೆ ಆದ್ರೆ ಉಳಿದವರು ಹೋದ ಹಾಗೇ.

ಮನೆ ಕಟ್ಟೋದು ಒಳ್ಳೆಯದು. ಬತಂಗಾಸ್ ಪ್ರಾಂತ್ಯದ ಮಾಬಿನಿ ಅನ್ನೋ ಊರಿಗೆ ಚಿಕ್ಕ ಇಟಲಿ ಅಂತಾನೇ ಹೆಸರು. ಇಟಲಿಯಲ್ಲಿ ದುಡಿದವರು ಇಟಲಿ ಶೈಲಿಯ ಚಂದದ ಮನೆ ಕಟ್ಟಿಸಿದ್ದಾರೆ. ಆದ್ರೆ ಎಷ್ಟೋ ಜನ ಕಟ್ಟಿಸಿದವರು ಇನ್ನೂ ಅಲ್ಲೇ ದುಡೀತಿದ್ದಾರೆ. ಮನೆ ಇದೆ, ಆ ಮನೆಯಲ್ಲಿ ಬದುಕೋಕೆ ಬೇಕಾದ ಆದಾಯ ಊರಲ್ಲಿಲ್ಲ. ಎಲೀಷ ಕೊನೆಗೆ ಹೇಳಿದ ಮಾತು 'ಬದುಕಿ' ಅಂತ. ಗೋಡೆ ಮಾತ್ರ ಸಾಲದು, ಬದುಕೋಕೂ ಉಳಿಯಬೇಕು.

ಐದು: ಪ್ರವಾದಿ ಎಣ್ಣೆ ಕೇಳಲಿಲ್ಲ

ಈಗ ಹೇಳೋದು ನಮ್ಮಂಥ ಸಭೆಗಳಿಗೆ, ನನ್ನಂಥ ಬೋಧಕರಿಗೆ. ಆ ಏಳು ವಚನ ಮತ್ತೆ ಓದಿ ನೋಡಿ. ಎಲೀಷ ತನಗಾಗಿ ಒಂದು ಪಾತ್ರೆ ಎಣ್ಣೆ ಕೇಳಿದ್ನಾ? ಒಂದು ಹನಿಯಾದ್ರೂ? ಇಲ್ಲ. ಅದ್ಭುತ ಅವನ ಮಾತಿನಿಂದಲೇ ಆಯ್ತು. ಆದ್ರೂ ಮೊದಲು ಸಾಲ ತೀರಿಸು, ಉಳಿದದ್ದು ನಿನಗೆ ಅಂದ.

ಫಿಲಿಪೈನ್ಸ್‌ನ ಮಿಂಡನಾವೊದಲ್ಲಿ 'ಕಾಪಾ' ಅನ್ನೋ ಹೆಸರಿನ ಒಂದು ಸೇವಾಸಂಸ್ಥೆ ಬೆಳೆಯಿತು. ಕ್ರೈಸ್ತ ಸೇವೆ ಅಂತಾನೇ ನೋಂದಾಯಿಸಿದ್ದು. ನೀವು ದಾನ ಕೊಡಿ, ಪ್ರತಿ ತಿಂಗಳು 30 ಪರ್ಸೆಂಟ್ ಆಶೀರ್ವಾದ ವಾಪಸ್ ಬರುತ್ತೆ ಅಂದ್ರು. ಹೂಡಿಕೆ ಅನ್ನಲಿಲ್ಲ, ದಾನ ಅಂದ್ರು. ಬಡ್ಡಿ ಅನ್ನಲಿಲ್ಲ, ಆಶೀರ್ವಾದ ಅಂದ್ರು. ಹಣ ಹಾಕೋಕೆ ಜನ ಸಾಲುಗಟ್ಟಿ ನಿಂತರು. 2019ರಲ್ಲಿ ಅಲ್ಲಿನ ಹಣಕಾಸು ನಿಯಂತ್ರಕರು ನೋಂದಣಿ ರದ್ದು ಮಾಡಿದ್ರು, ಸರ್ಕಾರ ಅದನ್ನ ಮುಚ್ಚಿಸಿತು. ಹಳಬರಿಗೆ ಹೊಸಬರ ಹಣವನ್ನೇ ಕೊಡೋ ಆಟ ಅದು. ಹೊಸಬರು ನಿಂತ ದಿನ ಎಲ್ಲಾ ಕುಸಿಯುತ್ತೆ. ತಿಂಗಳಿಗೆ 30 ಅಂದ್ರೆ ನಾಲ್ಕು ತಿಂಗಳೊಳಗೆ ಹಾಕಿದ್ದಷ್ಟೂ ವಾಪಸ್. ಯಾವ ಪ್ರಾಮಾಣಿಕ ವ್ಯಾಪಾರದಲ್ಲಿ ತಿಂಗಳು ತಿಂಗಳು ಹಾಗೆ ಬರುತ್ತೆ? ಆತ್ಮರ ಭಾಷೆ ಮಾತಾಡಿದವರೆಲ್ಲ ಆತ್ಮರ ಕೆಲಸ ಮಾಡೋರಲ್ಲ. ಶೋಧಿಸಿ ನೋಡಿ ಅಂತ ವಾಕ್ಯವೇ ಹೇಳುತ್ತೆ. ಹಣ ಕೇಳೋನು ಯೇಸುವಿನ ಹೆಸರು ಹೇಳಿದಾಗ ಎರಡು ಪಟ್ಟು ಶೋಧಿಸಿ.

ದಶಮಾಂಶವನ್ನ ನಾನು ನಂಬ್ತೀನಿ, ಕೊಡ್ತೀನಿ, ಬೋಧಿಸ್ತೀನಿ. ಆದ್ರೆ ಇವತ್ತು ಈ ವೇದಿಕೆಯಿಂದ ಸ್ಪಷ್ಟವಾಗಿ ಹೇಳ್ತೀನಿ: ಸಾಲ ಮಾಡಿ ಕಾಣಿಕೆ ಹಾಕಬೇಡಿ. ಕ್ರೆಡಿಟ್ ಕಾರ್ಡ್ ಉಜ್ಜಿ ಬೀಜ ಬಿತ್ತಬೇಡಿ. ಒಬ್ಬನು ತನ್ನಲ್ಲಿ ಇಲ್ಲದ್ದರ ಪ್ರಕಾರ ಅಲ್ಲ, ಇರೋದರ ಪ್ರಕಾರ ಕೊಟ್ಟರೆ ದೇವರಿಗೆ ಮೆಚ್ಚಿಕೆ ಅಂತ 2 ಕೊರಿಂಥ 8:12 ಕಲಿಸುತ್ತೆ. ದೇವರಿಗೆ ಅರ್ಪಿತ ಅಂತ ಹೇಳಿ ತಂದೆತಾಯಿಗೆ ಕೊಡದವರನ್ನ ಮಾರ್ಕ 7ರಲ್ಲಿ ಕರ್ತನು ಗದರಿಸಿದ. ಹೊರದೇಶದಲ್ಲಿ ನಿಮ್ಮ ಸಾಲ ತೀರೋ ತನಕ ಈ ಸಭೆ ನಿಮಗೆ ಕಟ್ಟಡ ನಿಧಿಯ ಮೆಸೇಜ್ ಕಳಿಸೋದಿಲ್ಲ. ಕಳಿಸಿದ್ರೆ ನನಗೇ ಫೋನ್ ಮಾಡಿ ಕೇಳಿ. ಹಲ್ಲೆಲೂಯಾ ಅನ್ನೋಕೆ ಸ್ವಲ್ಪ ಕಷ್ಟ ಆಯ್ತೇನೋ ಹಿರಿಯರಿಗೆ! ಪರವಾಗಿಲ್ಲ.

ಕೊನೆಯದಾಗಿ ಒಂದು ಮಾತು. ಸುವಾರ್ತೆಯ ಹೃದಯವೂ ಇಲ್ಲೇ ಇದೆ. ನಮ್ಮಿಂದ ತೀರಿಸೋಕೆ ಆಗದ ಒಂದು ಸಾಲ ಇತ್ತು. ಅದಕ್ಕೆ ಕಂತು ಇರಲಿಲ್ಲ, ನಮ್ಮ ಯಾವ ದುಡಿಮೆಯೂ ಸಾಕಾಗುತ್ತಿರಲಿಲ್ಲ. ಕರ್ತನು ತನ್ನ ಪರಲೋಕದ ಮನೆ ಬಿಟ್ಟು ಪರದೇಶಿಯಾಗಿ ಬಂದು ತನ್ನ ರಕ್ತದಿಂದ ಅದನ್ನ ತೀರಿಸಿದ. ಅದಕ್ಕೇ ನಾವು ಇನ್ನೊಬ್ಬರ ಮೆಚ್ಚುಗೆಗಾಗಿ ಕೊಡಬೇಕಾಗಿಲ್ಲ, ಭಯದಿಂದ ಕಳಿಸಬೇಕಾಗಿಲ್ಲ. ಮಗನೂ ಮಗಳೂ ಆಗಿ ಬಿಡುಗಡೆ ಹೊಂದಿದವರು ಲೆಕ್ಕಪುಸ್ತಕ ತೆರೆಯೋಕೆ ಹೆದರೋದಿಲ್ಲ.

ಈ ವಾರ ಮಾಡಬೇಕಾದ ಕೆಲಸ ಒಂದೇ. ಪ್ರಾರ್ಥಿಸಿ, ಬಾಗಿಲು ಮುಚ್ಚಿ, ಒಂದು ಹಾಳೆಯಲ್ಲಿ ಬರೆಯಿರಿ: ಬರೋದೆಷ್ಟು, ಹೋಗೋದೆಷ್ಟು, ಯಾರಿಗೆ ಎಷ್ಟು ಕೊಡಬೇಕು. ಆಮೇಲೆ ಮನೆಯಲ್ಲಿ ಒಬ್ಬರನ್ನಾದ್ರೂ ಕರೆದು ಆ ಹಾಳೆ ತೋರಿಸಿ. ಯಾರೂ ಇಲ್ಲದಿದ್ರೆ ನಿಮ್ಮ ಸೆಲ್ ಗ್ರೂಪ್ ಲೀಡರ್‌ಗೆ ತೋರಿಸಿ. ಹೊರದೇಶಕ್ಕೆ ಹೊರಟಿರೋ ಮೂವರು ಕೂಟ ಮುಗಿದ ಮೇಲೆ ಇಲ್ಲೇ ಮುಂದೆ ಬನ್ನಿ.

ಎದ್ದು ನಿಲ್ಲೋಣ. ಕಣ್ಣು ಮುಚ್ಚೋಣ.

ಪರಲೋಕದ ತಂದೆಯೇ, ನಿಮಗೆ ಸ್ತೋತ್ರ. ಈ ಹೊತ್ತು ಹಾಂಗ್‌ಕಾಂಗ್‌ನಲ್ಲಿ, ದುಬೈನಲ್ಲಿ, ಸಮುದ್ರದ ಮೇಲೆ ದುಡೀತಿರೋ ಫಿಲಿಪಿನೋ ಸಹೋದರ ಸಹೋದರಿಯರನ್ನ ನೆನೆಸುತ್ತೇವೆ. ಒತ್ತೆ ಹೋದ ಪಾಸ್‌ಪೋರ್ಟುಗಳು ಅವರ ಕೈಗೆ ಮರಳಲಿ ಕರ್ತನೇ. ಅವರ ಮಕ್ಕಳು ಅವರ ಕಷ್ಟವನ್ನ ತಿಳಿದು ಪಾತ್ರೆ ಹಿಡಿಯುವವರಾಗಲಿ. ನಮ್ಮ ಸಭೆಯಿಂದ ಹೊರಡೋ ಮಕ್ಕಳಿಗೆ ಜ್ಞಾನ ಕೊಡಿ, ಇಲ್ಲ ಅನ್ನೋ ಧೈರ್ಯ ಕೊಡಿ, ಕೊಡೋ ಹೃದಯವನ್ನೂ ಕೊಡಿ. ಸಾಲದ ನೊಗದ ಕೆಳಗಿರೋರನ್ನ ಕರ್ತನೇ ನೀವೇ ಎತ್ತಿರಿ. ನಾವು ಬೋಧಕರು ನಿಮ್ಮ ಜನರ ಎಣ್ಣೆಗೆ ಕೈಚಾಚದ ಹಾಗೆ ಕಾಯಿರಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.